‘ಕುಡಿತೀರಾ?’ ಅಂತ ನಾನೀಗ ಕೇಳುವುದಿಲ್ಲ

ಮೂಳೆ ವಾರ್ಡಿನಲ್ಲಿ ನನ್ನದು ರಾತ್ರಿ ಪಾಳಿ. ಗಾರೆ ಕೆಲಸದವರೊಬ್ಬರು ಸಾರುವೆಯಿಂದ ಬಿದ್ದು, ತೊಡೆ ಮೂಳೆ ಮುರಿದುಕೊಂಡು ದಾಖಲಾಗಿದ್ದರು. ಅವರಿಗದು ಮೂರನೇ ರಾತ್ರಿ. ಒಂದೂವರೆ ಗಂಟೆಗೆ ಹೋಗಿ ನೋಡಿದರೆ, ಹಾಸಿಗೆಯ ಮೇಲೆ ಗೋಡೆ ಕಟ್ಟುತ್ತಿದ್ದಾರೆ! ಎಡಗೈಯಲ್ಲಿ ಇಲ್ಲದ ಇಟ್ಟಿಗೆ, ಬಲಗೈಯಲ್ಲಿ ಇಲ್ಲದ ಕರಣೆ. ಗಾಳಿಯಲ್ಲೇ ಗಾರೆ ಬಳಿದು, ಇಟ್ಟಿಗೆ ಕೂರಿಸಿ, ಕರಣೆ ಹಿಡಿಯಿಂದ ಎರಡು ಸಲ ತಟ್ಟಿ, “ಏ, ಕಲ್ಸಿದ್ದು ತಾರೋ, ಒಣಗ್ತಾ ಐತೆ” ಎಂದು ಕೂಗುತ್ತಿದ್ದರು. ಮೈಯೆಲ್ಲ ಬೆವರು, ನಾಡಿ 140. ಮುರಿದ ಕಾಲನ್ನು ಎಳೆದುಕೊಂಡು ಮಂಚ ಇಳಿಯಲು ಹೊರಟಿದ್ದರು. ನೋವಿನ ಪರಿವೆಯೇ ಇರಲಿಲ್ಲ.

“ಗಾಳಿ ಮೆಟ್ಕೊಂಡೈತೆ ಸಿಸ್ಟರ್, ಬಿದ್ದ ಜಾಗ ಸರಿ ಇಲ್ಲ” ಎಂದು ಹೆಂಡತಿ ಅಳುತ್ತಿದ್ದರು.

ಕೇಸ್ ಶೀಟ್ ತೆಗೆದೆ. ‘ಮದ್ಯಪಾನ: ಇಲ್ಲ’ ಎಂದಿತ್ತು. ಅಕ್ಷರ ನನ್ನದೇ. ದಾಖಲಾದ ದಿನ ತಾಯಿ, ಹೆಂಡತಿ, ಬೆಳೆದ ಮಗಳ ಎದುರೇ “ಕುಡಿಯೋ ಅಭ್ಯಾಸ ಇದೆಯಾ?” ಎಂದು ಕೇಳಿದ್ದೆ. “ಎಲ್ಲೋ ಹಬ್ಬಕ್ಕೆ ಸಿಸ್ಟರ್” ಎಂದಿದ್ದರು. ಬರೆದುಕೊಂಡು ಪಕ್ಕದ ಮಂಚಕ್ಕೆ ಹೋಗಿದ್ದೆ. ಅಂದು ಸಂಜೆ ಅವರ ಕೈಯಲ್ಲಿ ನೀರಿನ ಲೋಟ ನಡುಗುತ್ತಿದ್ದುದನ್ನೂ ನೋಡಿದ್ದೆ. ನೋವಿಗಿರಬೇಕು ಅಂದುಕೊಂಡೆ. ಆ ಲೋಟ ಇವತ್ತಿಗೂ ಕಣ್ಣ ಮುಂದಿದೆ.

ಹೆಂಡತಿಯನ್ನು ಆಚೆ ಕರೆದು ಕೇಳಿದಾಗ ನಿಜ ಬಂತು: “ಎದ್ದ ತಕ್ಷಣ ಒಂದು ಪಾಕೀಟು ಒಳಗೆ ಹೋಗ್ಬೇಕು. ಇಲ್ಲಾಂದ್ರೆ ಕರಣೆ ಹಿಡಿಯಾಕೆ ಕೈ ನಿಲ್ಲಲ್ಲ.”

ಮದ್ಯ ಮಿದುಳನ್ನು ಮಂಕು ಮಾಡುತ್ತದೆ. ದಿನವೂ ಕುಡಿಯುವವರ ಮಿದುಳು ಆ ಮಂಕಿಗೆ ಎದುರಾಗಿ ತನ್ನ ವೇಗ ಏರಿಸಿಕೊಂಡೇ ಇರುತ್ತದೆ. ಕುಡಿತ ಒಮ್ಮೆಲೇ ನಿಂತರೆ ವೇಗವೊಂದೇ ಉಳಿಯುತ್ತದೆ. ಕೊನೆಯ ಗುಟುಕಿನ ನಂತರ ಆರೆಂಟು ಗಂಟೆಗೆ ಕೈನಡುಕ, ಎರಡು ದಿನದೊಳಗೆ ಫಿಟ್ಸ್ ಬರಬಹುದು, ಎರಡು ಮೂರನೇ ದಿನ ಈ ಭ್ರಮೆ. ಚಿಕಿತ್ಸೆ ಸಿಗದಿದ್ದರೆ ಜೀವವೇ ಹೋಗಬಹುದು.

ಡ್ಯೂಟಿ ಡಾಕ್ಟರ್ ಬಂದು, ಮಿದುಳಿನ ಆ ವೇಗ ತಗ್ಗಿಸುವ ಲೋರಾಜೆಪಾಮ್ ಔಷಧ ಕೊಡಿಸಿದರು. ನಾನು ಗ್ಲೂಕೋಸ್ ಬಾಟಲಿಗೆ ಕೈ ಹಾಕಿದಾಗ ತಡೆದು, ಮೊದಲು ಥಯಾಮಿನ್ ಹಾಕಿಸಿದರು. ವರ್ಷಗಟ್ಟಲೆ ಕುಡಿದವರಲ್ಲಿ ಈ ಬಿ1 ಜೀವಸತ್ವ ಬತ್ತಿರುತ್ತದೆ. ಅದಿಲ್ಲದೆ ಗ್ಲೂಕೋಸ್ ಏರಿಸಿದರೆ ನೆನಪಿನ ಶಕ್ತಿಗೆ ಶಾಶ್ವತ ಪೆಟ್ಟು ಬೀಳಬಹುದು. ಅವರಿಗೆ ಮನೆಯವರ ಗುರುತು ಹತ್ತಲು ನಾಲ್ಕು ದಿನ ಹಿಡಿಯಿತು, ಆಪರೇಷನ್ ಮುಂದಕ್ಕೆ ಹೋಯಿತು.

ಈಗ ಮನೆಯವರನ್ನು ಟೀಗೆ ಕಳಿಸಿ, ಪರದೆ ಎಳೆದು ಕೇಳುತ್ತೇನೆ: “ಕೊನೇ ಸಲ ತಗೊಂಡಿದ್ದು ಎಷ್ಟು ಗಂಟೆಗೆ? ಬೆಳಗ್ಗೆಯೇ ಬೇಕಾಗುತ್ತಾ? ಬಿಟ್ಟಾಗ ಫಿಟ್ಸ್ ಬಂದಿತ್ತಾ?” ಹೀಗೆ ಕೇಳಿದರೆ ಹೆಚ್ಚಿನವರು ಹೇಳಿಬಿಡುತ್ತಾರೆ. ಗಂಟೆಯನ್ನು ಕೆಂಪು ಶಾಯಿಯಲ್ಲಿ ಬರೆಯುತ್ತೇನೆ. ಶಬರಿಮಲೆ ಮಾಲೆ ಹಾಕಿ ಒಂದೇ ದಿನಕ್ಕೆ ಬಿಡುವವರಿಗೂ, ಕುಡುಕ ಮಗನನ್ನು ಕೋಣೆಗೆ ಕೂಡಿ ಬಿಡಿಸುವವರಿಗೂ ನನ್ನದೊಂದೇ ಕೋರಿಕೆ: ದಿನವೂ ಕುಡಿಯುವವರಾದರೆ ಮೊದಲು ಡಾಕ್ಟರಿಗೆ ತೋರಿಸಿ.

ಡಿಸ್ಚಾರ್ಜ್ ದಿನ ಹೆಂಡತಿ ಮೆಲ್ಲಗೆ ಕೇಳಿದರು, “ಗೊತ್ತಾಗದಂಗೆ ಸಾರಿಗೆ ಹಾಕೋ ಪುಡಿ ಸಿಗ್ತದಂತಲ್ಲ ಸಿಸ್ಟರ್?” ಬೇಡಮ್ಮ, ಅಂಥದರಲ್ಲಿ ಕುಡಿತ ಬಿಡಿಸಲು ಕೊಡುವ ಡೈಸಲ್ಫಿರಾಮ್ ಔಷಧ ಇದ್ದು, ಅದರ ಮೇಲೆ ಅವರು ಕುಡಿದರೆ ಬಿಪಿ ಕುಸಿದು ಪ್ರಾಣಕ್ಕೇ ಬರುತ್ತದೆ ಅಂದೆ. ಚೀಟಿಯ ಹಿಂದೆ ವ್ಯಸನಮುಕ್ತಿ ಸಹಾಯವಾಣಿ 14446 ಎಂದು ದೊಡ್ಡದಾಗಿ ಬರೆದುಕೊಟ್ಟೆ. ಅವರಿಗೆ ಓದು ಬಾರದು. ಮಗಳು ಅಲ್ಲೇ ನಿಂತು ಅಮ್ಮನ ಫೋನಿಗೆ ನಂಬರ್ ಹಾಕಿದಳು.