ಸೆಕೆಗೆ ನಿಲ್ಲುವ ಸಡಿಲ ತುರುಬು: ನಾಲ್ಕು ಟ್ರಯಲ್‌ಗಳ ಲೆಕ್ಕ

ಬೇಕಾದದ್ದು ಇಷ್ಟು: ಕುಂಬಳೆ, ಮಂಜೇಶ್ವರ ಕಡೆಯ ಮದುವೆ ಹಾಲ್‌ನಲ್ಲಿ ಬೆಳಗ್ಗೆ 7ಕ್ಕೆ ಕಟ್ಟಿದ ತುರುಬು ಮಧ್ಯಾಹ್ನದ ಊಟ ಮುಗಿಯುವ ತನಕ ನಿಲ್ಲಬೇಕು. ನೋಡಲಿಕ್ಕೆ ಮಾತ್ರ ಕೈಯಲ್ಲೇ ಸುತ್ತಿಟ್ಟಷ್ಟು ಸಡಿಲ ಇರಬೇಕು. ಮೇಲೆ ಒಂದು ಚೆಂಡು (ನಮ್ಮ ಕಡೆ ಕಟ್ಟಿದ ಹೂವಿನ ಅಳತೆ) ಮಲ್ಲಿಗೆಯ ಭಾರ. ಕೂದಲು ಸೊಂಟದುದ್ದ, ನೇರ, ತೆಂಗಿನೆಣ್ಣೆ ಕುಡಿದು ನುಣುಪಾದದ್ದು.

ಟ್ರಯಲ್ 1. ಅದೇ ಬೆಳಗ್ಗೆ ತಲೆಸ್ನಾನ, ಬುಡದ ತನಕ ಕಂಡೀಷನರ್. 20 ಪಿನ್ ಹಾಕಿದರೂ ಒಂದೂ ಕಚ್ಚಲಿಲ್ಲ. ಬರೆಯುವಂಥದ್ದು ಬೇರೇನಿಲ್ಲ.

ಟ್ರಯಲ್ 2. ಹಿಂದಿನ ದಿನವೇ ಶಾಂಪೂ, ಎಣ್ಣೆ ಇಲ್ಲ, ಕಂಡೀಷನರ್ ತುದಿಗೆ ಮಾತ್ರ. 25 ಮಿ.ಮೀ. ಟಾಂಗ್ (ಕೂದಲು ಸುರುಳಿ ಮಾಡುವ ಬಿಸಿ ಕೋಲು), 170 ಡಿಗ್ರಿ, 3 ಸೆಂ.ಮೀ. ಅಗಲದ ಎಳೆಗೆ 8 ಸೆಕೆಂಡು. ಸುರುಳಿ ಚೆನ್ನಾಗಿಯೇ ಬಂತು, ಬಿಸಿ ಆರುವ ಮೊದಲೇ ಬೆರಳಾಡಿಸಿದ್ದಕ್ಕೆ ಹೋಯಿತು. ಬಿಸಿಗೆ ಕೂದಲೊಳಗಿನ ಹೈಡ್ರೋಜನ್ ಬಂಧ ಬಿಡುತ್ತದೆ, ತಣಿಯುವಾಗ ಇದ್ದ ಆಕಾರದಲ್ಲೇ ಪುನಃ ಕೂಡುತ್ತದೆ. ಸುರುಳಿಯನ್ನು ಹಾಗೆಯೇ ಕ್ಲಿಪ್ಪಿನಲ್ಲಿ ಹಿಡಿಸಿ ಪೂರ್ತಿ ತಣಿಸಬೇಕು. ಆದರೆ ತೇವಕ್ಕೂ ಅದೇ ಬಂಧ ಬಿಡುತ್ತದೆ. ನಮ್ಮ ಕರಾವಳಿಯಲ್ಲಿ ಸುರುಳಿಯನ್ನೇ ನಂಬಿ ತುರುಬು ಕಟ್ಟಿದರೆ ಮುಹೂರ್ತದ ಹೊತ್ತಿಗೆ ಇಳಿದಿರುತ್ತದೆ. ಪಿನ್ ಕಚ್ಚಲಿಕ್ಕೆ ಬೇಕಾದ ಒರಟು ಅಷ್ಟೇ ಅದರಿಂದ ಸಿಗುವುದು.

ಟ್ರಯಲ್ 3. ದಾರಿ ಸಿಕ್ಕಿದ್ದು ಇಲ್ಲಿ. ಸಡಿಲ ಕಾಣುವುದು ಹೊರಗೆ, ಒಳಗೆ ಬಿಗಿಯೇ ಇರಬೇಕು. ಕಿವಿಯಿಂದ ಕಿವಿಗೆ ಬೈತಲೆ ತೆಗೆದು ಮುಂದಿನ ಕೂದಲು ಬೇರೆ ಇಟ್ಟು, ಹಿಂದಿನದನ್ನು ಕುತ್ತಿಗೆಯ ಗುಳಿಯಿಂದ ಎರಡು ಬೆರಳು ಮೇಲೆ ರಬ್ಬರ್ ಬ್ಯಾಂಡಿನಲ್ಲಿ ಬಿಗಿಯಾಗಿ ಕಟ್ಟಿದ್ದು. ಜುಟ್ಟನ್ನು 4 ಪಾಲು ಮಾಡಿ ಪ್ರತಿಯೊಂದನ್ನೂ ಎರಡು ಎಳೆ ಮಾಡಿ ಹಗ್ಗ ಹೊಸೆದ ಹಾಗೆ ಹೊಸೆಯುವುದು: ಎರಡೂ ಎಳೆಗಳಿಗೆ ಬಲಕ್ಕೆ ತಿರುವು, ಒಂದರ ಮೇಲೊಂದು ಸುತ್ತುವಾಗ ಎಡಕ್ಕೆ. ತಿರುವು, ಸುತ್ತು ಎರಡೂ ಒಂದೇ ದಿಕ್ಕಿಗಾದರೆ ಕೈ ಬಿಟ್ಟ ಕೂಡಲೇ ಬಿಚ್ಚಿಕೊಳ್ಳುತ್ತದೆ. ತುದಿ ಬಿಗಿಹಿಡಿದು, ಹುರಿಯ ಅಂಚನ್ನು ಉಗುರಲ್ಲಿ ಚಿವುಟಿ ಅಕ್ಕಿಕಾಳಿನಷ್ಟೇ ಹೊರಗೆಳೆಯಬೇಕು. ಆಮೇಲೆ ಜುಟ್ಟಿನ ಬುಡಕ್ಕೆ ಸುತ್ತಿ ಪಿನ್.

ಬಾಬಿ ಪಿನ್ನಿನ ಅಲೆಯಲೆಯಾದ ಕಾಲು ತಲೆಯ ಕಡೆಗೆ. ಪಾಲಿಗೆ 3, ಅದರಲ್ಲಿ 2 ಒಂದಕ್ಕೊಂದು ಅಡ್ಡ. ಯು ಪಿನ್ ಆದರೆ ಮೊದಲು ಹೊರಮುಖವಾಗಿ ಸ್ವಲ್ಪ ಕೂದಲು ಹಿಡಿಸಿ, ತಿರುಗಿಸಿ, ರಬ್ಬರ್ ಬ್ಯಾಂಡಿನ ಕಡೆಗೆ ನುಗ್ಗಿಸುವುದು. ನೆತ್ತಿಯಲ್ಲಿ ಬುಡಕ್ಕೆ ಮೂರೇ ಸಲ ಬ್ಯಾಕ್‌ಕೋಂಬ್ (ಬುಡದ ಕಡೆಗೆ ಹಿಮ್ಮುಖ ಬಾಚುವುದು). ಮುಂಗುರುಳು ಎರಡು ಸಾಕು, ಪೆನ್ಸಿಲಿನಷ್ಟು ದಪ್ಪ, ಅದೂ ಎಲ್ಲಕ್ಕಿಂತ ಕೊನೆಗೆ. ಮೊದಲೇ ಬಿಟ್ಟರೆ ಬೆವರಿಗೆ ಕೆನ್ನೆಗಂಟುತ್ತದೆ.

ಹೂವಿಲ್ಲದೆ 6 ಗಂಟೆ ನಿಂತಿತು. ಹೂ ಮುಡಿಸಿದ ಮೇಲೆ ಹುರಿಗಳು ಜಗ್ಗಿ, 11ರ ಹೊತ್ತಿಗೆ ತುರುಬು ಕುತ್ತಿಗೆಗೆ ಬಂತು.

ಟ್ರಯಲ್ 4. ಭಾರವನ್ನು ಹುರಿಗೆ ಕೊಡದೆ ಬುಡಕ್ಕೆ ಕೊಟ್ಟದ್ದು. ಮಲ್ಲಿಗೆ ಕಟ್ಟಿದ ಬಾಳೆನಾರಿನೊಳಗೆ ಯು ಪಿನ್ ಹೊಗಿಸಿ, ಹುರಿಗಳ ಸಂದಿಯಿಂದ ರಬ್ಬರ್ ಬ್ಯಾಂಡಿಗೇ ಸಿಕ್ಕಿಸುವುದು, 5 ಕಡೆ. ಇನ್ನೊಂದು: ಬಾಳೆಲೆಯಿಂದ ಬಿಚ್ಚಿದ ಹೂವಿನಲ್ಲಿ ನೀರು ಇರುತ್ತದೆ, ಅದು ಇಳಿದರೆ ಸುರುಳಿ ಮುಗಿದಂತೆ. 10 ನಿಮಿಷ ಒಣ ಬಟ್ಟೆಯ ಮೇಲೆ ಹರಡಿ ಮುಡಿಸಿದರೆ ಸಾಕು. ಸ್ಪ್ರೇ ಹೂವಿಗೆ ಮೊದಲೇ, 30 ಸೆಂ.ಮೀ. ದೂರದಿಂದ. 2 ಗಂಟೆಗೆ ನೋಡಿದಾಗ ಎಡಬದಿಯ ಒಂದು ಹುರಿ ಮಾತ್ರ ಸ್ವಲ್ಪ ಜಾರಿತ್ತು. ಅಲ್ಲಿ ಅಡ್ಡ ಪಿನ್ ತಪ್ಪಿಹೋಗಿತ್ತು.

ಅಬ್ಬಲಿಗೆ (ಕನಕಾಂಬರ) ದಂಡೆ ಹಗುರ. ಅದಕ್ಕೂ ಬುಡದ ತನಕ ಪಿನ್ ಬೇಕೇ, ಹುರಿಗೇ ಸಿಕ್ಕಿಸಿದರೆ ನಿಂತೀತೇ ಎಂಬುದು ಐದನೆಯ ಟ್ರಯಲ್‌ಗೆ ಬಾಕಿ.