ಎರಡು ಅರ್ಜಿ, ಒಂದೇ ಸಹಿ

“ಮೇಡಂ, ಈ ಎರಡೂ ಸಹಿ ನಿಮ್ದೇನಾ?”

ಬುಧವಾರ ಬೆಳಿಗ್ಗೆ ಹನ್ನೊಂದೂವರೆಗೆ ಕೇಳಿದ ಪ್ರಶ್ನೆ. ಇವತ್ತು ಶನಿವಾರ. ಪಾತ್ರೆ ತೊಳೆಯುವಾಗ, ಬಟ್ಟೆ ಮಡಚುವಾಗ, ಫೋನಿನಲ್ಲಿ ಬೇರೆ ಯಾರ ಹತ್ತಿರವೋ ಮಾತಾಡುವಾಗಲೂ ಅದು ಕಿವಿಯಲ್ಲಿ ಸುತ್ತುತ್ತಲೇ ಇದೆ. ಆ ಇಂಜಿನಿಯರ್ ಹುಡುಗ ಕೊಂಕು ಆಡಿದ್ದರೆ ಚೆನ್ನಾಗಿತ್ತು. ನಾಲ್ಕು ಮಾತು ತಿರುಗಿ ಅಂದು, ಮನೆಗೆ ಬಂದು ಗಂಡನ ಮುಂದೆ ಇನ್ನೊಂದಿಷ್ಟು ಬೈದು ಮರೆತುಬಿಡುತ್ತಿದ್ದೆ. ಆತ ಕೊಂಕು ಆಡಲಿಲ್ಲ. ಎರಡು ಹಾಳೆಗಳನ್ನು ಮೇಜಿನ ಮೇಲೆ ಪಕ್ಕಪಕ್ಕ ಇಟ್ಟು, ಒಂದರಿಂದ ಇನ್ನೊಂದಕ್ಕೆ ಪೆನ್ಸಿಲ್ ಓಡಿಸಿ, ನಿಜವಾಗಿಯೂ ಗೊತ್ತಿಲ್ಲದವರು ಕೇಳುವ ಹಾಗೆ ಕೇಳಿದ.

ಎರಡೂ ನನ್ನದೇ. ಕೊನೆಯ ಅಕ್ಷರಕ್ಕೆ ಉದ್ದ ಬಾಲ ಎಳೆಯುವ ಚಟ ನನಗೆ ಕಾಲೇಜಿನಿಂದ ಇದೆ. ಅಲ್ಲ ಅನ್ನುವ ಹಾಗೇ ಇರಲಿಲ್ಲ.

ಮೊದಲನೆಯ ಹಾಳೆ ಎರಡು ವರ್ಷ ಹಳೆಯದು. ವಾಹನಗಳು ಮಿತಿಮೀರಿದ ವೇಗದಲ್ಲಿ ಓಡುತ್ತಿವೆ, ಮಕ್ಕಳ ಸುರಕ್ಷತೆಯ ದೃಷ್ಟಿಯಿಂದ ತಕ್ಷಣ ಹಂಪ್ ಹಾಕಿಸಿಕೊಡಿ ಅಂತ. ಎರಡನೆಯದು ಕಳೆದ ತಿಂಗಳಿನದು. ಸದರಿ ಹಂಪ್‌ನಿಂದ ರಾತ್ರಿಯಿಡೀ ಶಬ್ದವಾಗುತ್ತಿದೆ, ತಕ್ಷಣ ತೆಗೆಸಿಕೊಡಿ ಅಂತ. ಎರಡನ್ನೂ ಬರೆದವರು ನಮ್ಮ ಬೀದಿಯ ನಿವೃತ್ತ ಮೇಷ್ಟ್ರು. ‘ಸದರಿ’, ‘ತಕ್ಷಣ’ ಎರಡೂ ಇಲ್ಲದೆ ಅವರಿಗೆ ಅರ್ಜಿ ಬರೆಯಲು ಬರುವುದಿಲ್ಲ. ನಾನು ಓದಿದೆ, ಚೆನ್ನಾಗಿದೆ ಸಾರ್ ಅಂದೆ, ಸಹಿ ಹಾಕಿದೆ. ಎರಡು ಸಲವೂ ಹಾಗೇ.

ಬೀದಿಯ ವಾಟ್ಸಾಪ್ ಗುಂಪಿನಲ್ಲಿ 140 ಜನ ಇದ್ದೇವೆ. “ಬುಧವಾರ ನಗರಪಾಲಿಕೆ ಕಚೇರಿಗೆ ಹೋಗೋಣ” ಅಂತ ಮೇಷ್ಟ್ರು ಹಾಕಿದ್ದಕ್ಕೆ ಅರವತ್ತಕ್ಕೂ ಜಾಸ್ತಿ ಹೆಬ್ಬೆರಳು ಬಿದ್ದವು. ಹೋದವರು ಐದು ಜನ. ಬಂದವರೂ ಎಂಥವರು! ಮೇಷ್ಟ್ರಿಗೆ ಸಮಸ್ಯೆ ಮುಗಿಯುವುದಕ್ಕಿಂತ ಫೈಲು ದಪ್ಪಗಾಗುವುದು ಇಷ್ಟ. ಎದುರು ಮನೆಯವರು ಶಬ್ದಮಾಲಿನ್ಯದ ಬಗ್ಗೆ ಅರ್ಧ ಗಂಟೆ ಭಾಷಣ ಮಾಡಬಲ್ಲರು, ಅವರ ಕಾರು ಮಾತ್ರ ರಿವರ್ಸ್ ತೆಗೆಯುವಾಗ ಇಡೀ ಬೀದಿಗೆ ಟ್ಯೂನ್ ಕೇಳಿಸುತ್ತದೆ. ಹಂಪ್‌ಗೆ ಅಂಟಿಕೊಂಡಿರುವ ಮನೆಯ ಗಂಡ ಹೆಂಡತಿ ಬಂದಿದ್ದರು, ಮನೆಯಲ್ಲಿ ಎಂಟು ತಿಂಗಳ ಮಗು. ನಿಜವಾದ ಕಷ್ಟ ಇದ್ದದ್ದು ಅವರಿಗೇ. ಅಷ್ಟೂ ಹೊತ್ತು ಒಂದು ಮಾತೂ ಆಡದೆ ಕೂತಿದ್ದವರೂ ಅವರೇ. ಐದನೆಯವಳು ನಾನು, ಕೈಯಲ್ಲಿ ನೋಟ್‌ಬುಕ್.

ಹಂಪ್ ಬಂದದ್ದು ಸುಮ್ನೆ ಅಲ್ಲ. ಮೂರನೇ ಮನೆಯ ಹುಡುಗ ಶಾಲೆಯಿಂದ ಬಂದು ರಸ್ತೆ ದಾಟುತ್ತಿದ್ದ. ಬೈಕೊಂದು ಅವನ ಬೆನ್ನಿನ ಬ್ಯಾಗಿಗೆ ತಗುಲಿ ಎಳೆದುಕೊಂಡು ಹೋಯಿತು. ನಾನು ಗೇಟಿನ ಹತ್ತಿರ ನಿಂತಿದ್ದೆ. ಜಾಮಿಟ್ರಿ ಬಾಕ್ಸ್ ತೆರೆದುಕೊಂಡು ಕೈವಾರ, ಕೋನಮಾಪಕ, ಗಿಡ್ಡ ಪೆನ್ಸಿಲ್ಲುಗಳೆಲ್ಲ ಟಾರಿನ ಮೇಲೆ ಚೆಲ್ಲಿದ್ದವು. ಹುಡುಗ ಅಳಲಿಲ್ಲ. ಒಂದು ಕೈ ವಿಚಿತ್ರವಾಗಿ ಜೋತುಬಿದ್ದಿದ್ದರೂ ಇನ್ನೊಂದು ಕೈಯಲ್ಲಿ ಪೆನ್ಸಿಲ್ ಹೆಕ್ಕುತ್ತಿದ್ದ. ಆರು ವಾರ ಪ್ಲಾಸ್ಟರ್. ಆ ಸಂಜೆಯೇ ಮೇಷ್ಟ್ರು ಮೊದಲ ಅರ್ಜಿ ಬರೆದರು. ವೇಗ ಎರಡು ಪಟ್ಟಾದರೆ ಬ್ರೇಕ್ ಹಿಡಿದ ಮೇಲೆ ಗಾಡಿ ನಿಲ್ಲಲು ನಾಲ್ಕು ಪಟ್ಟು ದೂರ ಬೇಕು ಅನ್ನುವ ಲೆಕ್ಕವನ್ನೂ ಸೇರಿಸಿದ್ದರು. ಗಣಿತದ ಮೇಷ್ಟ್ರಲ್ವಾ. ಐದು ತಿಂಗಳಿಗೆ ಹಂಪ್ ಬಂತು. ನಾವು ಗೆದ್ದೆವು ಅಂತ ಗುಂಪಿನಲ್ಲಿ ಫೋಟೋ ಹಾಕಿದೆವು.

ಆಮೇಲೆ ದೊಡ್ಡ ರಸ್ತೆಯಲ್ಲಿ ಏನೋ ಕೆಲಸ ಶುರುವಾಗಿ, ರಾತ್ರಿ ಲಾರಿಗಳು ನಮ್ಮ ಬೀದಿ ಹಿಡಿದವು.

ತುಂಬಿದ ಲಾರಿ ಹಂಪ್ ಹತ್ತುವಾಗ ನರಳುತ್ತದೆ, ಅಷ್ಟೇ. ಖಾಲಿ ಲಾರಿಯದೇ ರಗಳೆ. ಭಾರ ಇಲ್ಲದಾಗ ಅದರ ಪಟ್ಟಾ ಸ್ಪ್ರಿಂಗು ಬಗ್ಗುವುದಿಲ್ಲ, ಇಡೀ ಬಾಡಿ ಎಗರುತ್ತದೆ. ಮೊದಲು ಬ್ರೇಕಿನ ಉಸಿರು. ಒಂದು ಕ್ಷಣ ಏನೂ ಇಲ್ಲ. ಆಮೇಲೆ ಮುಂದಿನ ಚಕ್ರದ ಧಡ್, ಹಿಂದಿನ ಚಕ್ರದ ಧಡಾರ್, ಹಿಂಬಾಗಿಲ ಸರಪಳಿಯ ಝಣ್. ಕೊನೆಗೆ ಗೇರು ಬದಲಿಸಿ ಹೊರಡುವ ಗುರ್ರ್. ಇದರಲ್ಲಿ ಅತಿ ಕೆಟ್ಟದ್ದು ಯಾವುದು ಅಂತ ಕೇಳಿದರೆ ಆ ‘ಏನೂ ಇಲ್ಲ’ದ ಒಂದು ಕ್ಷಣ. ಉಸಿರು ಹಿಡಿದು ಕಾಯುತ್ತೇವೆ.

ನಿದ್ದೆ ಬಾರದವಳಿಗೆ ಮಾಡಲು ಇನ್ನೇನಿದೆ? ಎಣಿಸಲು ಶುರುಮಾಡಿದೆ. ನೋಟ್‌ಬುಕ್ಕಿನಲ್ಲಿ ಗೆರೆ ಎಳೆದು ತಾರೀಖು, ಸಮಯ, ತುಂಬಿದ್ದೋ ಖಾಲಿಯೋ. ಒಂದು ವಾರದಲ್ಲಿ ತೀರಾ ಕಡಿಮೆ ಅಂದರೆ ರಾತ್ರಿಗೆ ಒಂಬತ್ತು, ಜಾಸ್ತಿ ಅಂದರೆ ಹದಿನಾಲ್ಕು. ನನ್ನ ತಲೆ ಕೆಟ್ಟಿದೆ ಅಂತ ಗಂಡ ಅಂದರು. ಹಾಗಂತ ನಾನೇ ಮೊದಲಿನವಳಲ್ಲ. ಮೂರು ಗಂಟೆ ರಾತ್ರಿ ಫೋನಿನಲ್ಲಿ ಹುಡುಕುತ್ತಾ ಸಿಕ್ಕಿದ್ದು ಜೂಲಿಯಾ ಬಾರ್ನೆಟ್ ರೈಸ್ ಅನ್ನುವ ನ್ಯೂಯಾರ್ಕಿನ ಹೆಂಗಸಿನ ಕಥೆ. ಹಡ್ಸನ್ ನದಿಯ ದೋಣಿಗಳು ರಾತ್ರಿಯೆಲ್ಲ ಸೀಟಿ ಊದುತ್ತಿದ್ದವಂತೆ. ಆಕೆ ಕೊಲಂಬಿಯಾ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳನ್ನು ನದಿ ದಂಡೆಯಲ್ಲಿ ಕೂರಿಸಿ ಎಣಿಸಿದಳು. ಒಂದೇ ರಾತ್ರಿಗೆ ಹತ್ತಿರ ಹತ್ತಿರ 3,000 ಸೀಟಿ! 1906ರಲ್ಲಿ ಅನಗತ್ಯ ಶಬ್ದದ ವಿರುದ್ಧ ಸಂಘವನ್ನೇ ಕಟ್ಟಿದಳು. ನನಗೆ ಅರವತ್ತು ಹೆಬ್ಬೆರಳು ಸಿಕ್ಕಿದೆ.

ಅಂತೂ ಬುಧವಾರ ಆ ನೋಟ್‌ಬುಕ್ಕನ್ನು ಜಂಬದಿಂದಲೇ ಮೇಜಿನ ಮೇಲೆ ಇಟ್ಟೆ. ಇಂಜಿನಿಯರ್ ಒಂದೊಂದೇ ಪುಟ ತಿರುವಿದ. ಬೇರೆಯವರಾಗಿದ್ದರೆ ಪಕ್ಕಕ್ಕೆ ಸರಿಸುತ್ತಿದ್ದರು. ಕಣ್ಣ ಕೆಳಗೆ ನನ್ನಷ್ಟೇ ಕಪ್ಪು ಇದ್ದ ಹುಡುಗ. “ನಾವೂ ಒಂದು ರಾತ್ರಿ ಮೀಟರ್ ಇಟ್ಟಿದ್ವಿ ಮೇಡಂ. ಸರಾಸರಿ ಅಂಥಾ ಜಾಸ್ತಿ ಏನೂ ಬಂದಿಲ್ಲ” ಅಂದ.

ಸರಾಸರಿ ಅಂದದ್ದೇ ತಡ, ಮೇಷ್ಟ್ರು ಎದ್ದು ನಿಂತರು. ಅವರ ಬಗ್ಗೆ ಏನೇ ಅಂದರೂ ಆ ಐದು ನಿಮಿಷ ಮಾತ್ರ ಚಪ್ಪಾಳೆ ತಟ್ಟಬೇಕಿತ್ತು. ಎರಡು ಸೆಕೆಂಡ್ 80 ಡೆಸಿಬೆಲ್ ಶಬ್ದ, ಗಂಟೆಯ ಉಳಿದ ಹೊತ್ತೆಲ್ಲ ನಿಶ್ಶಬ್ದ ಅಂತಿಟ್ಟುಕೊಳ್ಳಿ. ಆ ಗಂಟೆಯ ಸರಾಸರಿ ಎಷ್ಟು ಬರುತ್ತದೆ? ಕಾಗದದ ಮೇಲೆ ಲಾಗರಿದಮ್ ಹಾಕಿ ತೋರಿಸಿದರು: ಸುಮಾರು 47. “ಸರಾಸರಿ ಆಳ ಮೊಣಕಾಲು ಅಂತ ಹೊಳೆಗೆ ಇಳಿದವನ ಕಥೆ ಆಯ್ತಲ್ಲಪ್ಪಾ!” ವಿಶ್ವ ಆರೋಗ್ಯ ಸಂಸ್ಥೆ 1999ರಲ್ಲೇ ಇದಕ್ಕೆ ಎರಡು ಅಂಕಿ ಬೇರೆಬೇರೆಯಾಗಿ ಕೊಟ್ಟಿದೆ. ಮಲಗುವ ಕೋಣೆಯೊಳಗೆ ಒಂದೇ ಸಮನೆ ಇರುವ ಶಬ್ದ 30 ಡೆಸಿಬೆಲ್, ಆಗೊಮ್ಮೆ ಈಗೊಮ್ಮೆ ಎದ್ದುಬರುವ ಒಂಟಿ ಶಬ್ದ 45, ಇದನ್ನು ಮೀರಬಾರದು ಅಂತ. ಎಚ್ಚರ ಆಗುವುದು ಸರಾಸರಿಗಲ್ಲ, ಧಡಾರ್‌ಗೆ.

ಇಂಜಿನಿಯರ್ ಒಪ್ಪಿಕೊಂಡ. ಅದೇ ನನಗೆ ಆಶ್ಚರ್ಯ. “ಸರಿ ಸಾರ್, ಅದನ್ನೂ ಬರೆದುಕೊಳ್ತೀನಿ” ಅಂತ ಬರೆದುಕೊಂಡ. ಆಮೇಲೆ ಕಪಾಟು ತೆರೆದು ಹಳೆಯ ಫೈಲು ತೆಗೆದ. ಆಗ ಬಂತು ಆ ಪ್ರಶ್ನೆ.

“ಮೇಡಂ, ಈ ಎರಡೂ ಸಹಿ ನಿಮ್ದೇನಾ?”

“ಹೌದು” ಅಂದೆ. ಆಮೇಲೆ ಏನಾದರೂ ಹೇಳಬೇಕಿತ್ತು ಅಲ್ವಾ? ಹಂಪ್ ಕೇಳಿದ್ದೆವು, ಇಂಥಾ ಹಂಪ್ ಕೇಳಿರಲಿಲ್ಲ ಅನ್ನಬಹುದಿತ್ತು. ನಿಜವೂ ಅದೇ. ಆಮೆ ಬೆನ್ನಿನ ಹಾಗೆ ಅಗಲವಾಗಿ, ಸಲೀಸಾಗಿ ಇರಬೇಕಾದ್ದು ಒಂಟೆ ಬೆನ್ನಿನ ಹಾಗೆ ಗಿಡ್ಡ ಜಾಗದಲ್ಲಿ ಎದ್ದು ನಿಂತಿದೆ. ಆಗ ಲಾರಿ ಇರಲಿಲ್ಲ ಅನ್ನಬಹುದಿತ್ತು. ಮನೆಗೆ ಬಂದ ಮೇಲೆ ಇಂಥಾ ಉತ್ತರ ಏಳೆಂಟು ಹೊಳೆದಿವೆ. ಅಲ್ಲಿ ಮಾತ್ರ ಬಾಲದ ಸಹಿ ನೋಡುತ್ತಾ ಕೂತಿದ್ದೆ. ಮೊದಲ ಅರ್ಜಿಯಲ್ಲಿ ಹುಡುಗನ ಹೆಸರಿತ್ತು, ವಯಸ್ಸಿತ್ತು. ಎರಡನೆಯದರಲ್ಲಿ ಅವನ ಸುದ್ದಿಯೇ ಇಲ್ಲ. ಅವನು ಈಗಲೂ ಅದೇ ಹೊತ್ತಿಗೆ, ಅದೇ ಜಾಗದಲ್ಲಿ, ಈಗ ಸ್ವಲ್ಪ ಉದ್ದವಾಗಿ, ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ರಸ್ತೆ ದಾಟುತ್ತಾನೆ. ದಾಟಲು ಆಗುತ್ತಿರುವುದೇ ಹಂಪ್‌ನಿಂದ. ಅರ್ಜಿಗೆ ಸಹಿ ಹಾಕುವಾಗ ನನಗೆ ಅವನು ನೆನಪೇ ಆಗಲಿಲ್ಲ. ಇದನ್ನು ಬರೆಯಲು ನಾಚಿಕೆಯಾಗುತ್ತದೆ.

ಇಂಜಿನಿಯರ್ ಅಷ್ಟರಲ್ಲಿ ಪೆನ್ಸಿಲ್ಲಿನಲ್ಲಿ ಚಿತ್ರ ಬಿಡಿಸತೊಡಗಿದ್ದ. ಒಂದು, ಏರು ಇಳಿತ ಉದ್ದವಾಗಿರುವ, ಮೇಲೆ ಮಟ್ಟಸವಾದ ಹಂಪ್. ಇನ್ನೊಂದು, ರಸ್ತೆಯ ಪೂರ್ತಿ ಅಗಲಕ್ಕೆ ಹಾಕದೆ ನಡುವೆ ಜಾಗ ಬಿಟ್ಟು ದಿಂಬಿನ ಹಾಗೆ ಕೂರಿಸುವುದು. ಲಾರಿ ಬಸ್ಸಿನ ಚಕ್ರಗಳ ಅಂತರ ಜಾಸ್ತಿ, ದಿಂಬಿನ ಎರಡೂ ಬದಿಯಿಂದ ಹಾದುಹೋಗುತ್ತವೆ. ಕಾರು ಮಾತ್ರ ಹತ್ತಲೇಬೇಕು. “ಇವೆರಡಕ್ಕೂ ಮಂಜೂರಾತಿ ಬೇಕು, ಟೈಮ್ ಹಿಡಿಯುತ್ತೆ. ಬೇಗ ಆಗಬೇಕು ಅಂದ್ರೆ ರಾತ್ರಿ ಹೊತ್ತು ಲಾರಿಗಳನ್ನ ಹಿಂದಿನ ರಸ್ತೆಗೆ ತಿರುಗಿಸೋಕೆ ಪೊಲೀಸರಿಗೆ ಬರೀಬಹುದು.”

“ಅದೇ ಮಾಡಿ” ಅಂತ ಎದುರು ಮನೆಯವರೂ ನಾನೂ ಒಟ್ಟಿಗೆ ಅಂದೆವು.

ಗೋಡೆಯ ಬೆಂಚಿನ ಮೇಲೆ ಒಬ್ಬರು ಹೆಂಗಸು ಕೂತಿದ್ದರು. ನಮಗಿಂತ ಮೊದಲೇ ಬಂದವರು. ಬೀದಿ ದೀಪ ಉರಿಯುತ್ತಿಲ್ಲ ಅಂತ ಹೇಳಲು ಬಂದಿದ್ದರಂತೆ, ನಾವು ಐದು ಜನ ಒಳಗೆ ನುಗ್ಗಿ ಇದ್ದ ಕುರ್ಚಿಗಳನ್ನೆಲ್ಲ ಹಿಡಿದಿದ್ದೆವು. ಅವರು ಮೆಲ್ಲಗೆ ಕೇಳಿದರು, “ಹಿಂದಿನ ರಸ್ತೆ ಅಂದ್ರೆ ನಮ್ದೇ ಅಲ್ವಾ ಸಾರ್?”

ಯಾರೂ ಉತ್ತರ ಕೊಡಲಿಲ್ಲ. ಮೇಷ್ಟ್ರು ಫೈಲಿನ ದಾರ ಕಟ್ಟಿದರು. ಇಂಜಿನಿಯರ್ ಆಕೆಯ ಕಡೆ ತಿರುಗಿ “ಬನ್ನಿ ಅಮ್ಮಾ, ನಿಮ್ದೇನು?” ಅಂದ. ಆಕೆ ಅರ್ಜಿ ತಂದಿರಲಿಲ್ಲ. ಬಾಯಲ್ಲಿ ಹೇಳಿದರೆ ಆಗಲ್ಲ, ಬರೆದುಕೊಡಬೇಕು ಅಂತ ಪಕ್ಕದ ಗುಮಾಸ್ತ ಅಂದದ್ದು ನಾವು ಹೊರಗೆ ಹೋಗುವಾಗ ಕೇಳಿಸಿತು. ನನ್ನ ಬ್ಯಾಗಿನಲ್ಲಿ ಪೆನ್ನೂ ಇತ್ತು, ನೋಟ್‌ಬುಕ್ಕಿನಲ್ಲಿ ಖಾಲಿ ಹಾಳೆಗಳೂ ಇದ್ದವು. ಮೆಟ್ಟಿಲು ಇಳಿದುಬಿಟ್ಟಿದ್ದೆವು.

ಶಬ್ದದ ದೂರುಗಳಿಂದ ಒಳ್ಳೆಯದಾಗುವುದಿಲ್ಲ ಅಂತಲ್ಲ. ಆ ರಾತ್ರಿಗಳಲ್ಲೇ ಓದಿದ ಇನ್ನೊಂದು ಸಂಗತಿ ಇದೆ. ಇದೂ ನ್ಯೂಯಾರ್ಕಿನದೇ. ಶಾಲೆಯೊಂದರ ಪಕ್ಕದಲ್ಲೇ ಎತ್ತರಿಸಿದ ರೈಲು ಹಳಿ. ಶಾಲೆ ನಡೆಯುವಾಗ ನಾಲ್ಕೂವರೆ ನಿಮಿಷಕ್ಕೊಂದು ರೈಲು. ಪ್ರತಿ ಸಲ ಟೀಚರ್ ಪಾಠ ನಿಲ್ಲಿಸಿ ಕಾಯಬೇಕು. ಪೋಷಕರು ಗೋಗರೆಯುತ್ತಿದ್ದರು. ಆರ್ಲೀನ್ ಬ್ರಾಂಜಾಫ್ಟ್ ಅನ್ನುವ ಮನಃಶಾಸ್ತ್ರಜ್ಞೆ ಅದೇ ಕಟ್ಟಡದಲ್ಲಿ ಹಳಿಯ ಕಡೆಯ ಕೋಣೆಗಳ ಮಕ್ಕಳನ್ನೂ ಆ ಕಡೆಯ ಶಾಂತ ಕೋಣೆಗಳ ಮಕ್ಕಳನ್ನೂ ಹೋಲಿಸಿ, 1975ರಲ್ಲಿ ಪ್ರಕಟಿಸಿದರು. ಆರನೇ ತರಗತಿ ಹೊತ್ತಿಗೆ ಹಳಿ ಕಡೆಯ ಮಕ್ಕಳು ಓದುವುದರಲ್ಲಿ ಹೆಚ್ಚುಕಡಿಮೆ ಒಂದು ವರ್ಷ ಹಿಂದೆ. ಆಮೇಲೆ ಹಳಿಯ ಕೆಳಗೆ ರಬ್ಬರ್ ಪಟ್ಟಿ ಹಾಕಿದರು, ಕೋಣೆಗಳ ಚಾವಣಿಗೆ ಶಬ್ದ ಹೀರುವ ಹೊದಿಕೆ ಹಾಕಿದರು. 1981ರಲ್ಲಿ ನೋಡಿದರೆ ಎರಡೂ ಕಡೆಯ ಮಕ್ಕಳು ಸಮ.

ಅಲ್ಲಿ ರೈಲನ್ನು ಇನ್ನೊಂದು ಶಾಲೆಯ ಪಕ್ಕಕ್ಕೆ ಕಳಿಸಲಿಲ್ಲ. ಶಬ್ದವನ್ನೇ ಕಡಿಮೆ ಮಾಡಿದರು. ನಾವು ಐದು ಜನ ಬುಧವಾರ ಬೇಡಿದ್ದು ಶಬ್ದ ಕಡಿಮೆ ಮಾಡಿ ಅಂತಲ್ಲ, ನಮ್ಮ ಕಿಟಕಿಯಿಂದ ಆಚೆ ಕಳಿಸಿ ಅಂತ. ಮತ್ತೆ ಆ ರೈಸ್ ಅನ್ನುವ ಹೆಂಗಸು. ಆಕೆ ಇದ್ದದ್ದು ನದಿಗೆ ಮುಖ ಮಾಡಿದ ಬಂಗಲೆಯಲ್ಲಿ, ನಿದ್ದೆ ಕೆಟ್ಟದ್ದು ಆಕೆಯದೇ. ಆದರೂ ವಾದ ಮಾಡಿದ್ದು ದಂಡೆಯ ಆಸ್ಪತ್ರೆಗಳಲ್ಲಿ ಮಲಗಿದ್ದ ರೋಗಿಗಳ ಪರವಾಗಿ. ಅದು ಜಾಣತನವೋ ಒಳ್ಳೆಯತನವೋ ಗೊತ್ತಿಲ್ಲ. ನನ್ನ ನೋಟ್‌ಬುಕ್ಕಿನಲ್ಲಿ ಲಾರಿಯ ಕಾಲಂ ಇದೆ, ಸಮಯದ ಕಾಲಂ ಇದೆ. ಹಂಪ್ ಪಕ್ಕದ ಮನೆಯ ಮಗು ಎಷ್ಟು ಸಲ ಎದ್ದಿತು ಅಂತ ಒಂದು ದಿನ ಕೇಳಿದವಳಲ್ಲ.

ಕಚೇರಿಯವರಿಗೆ ಬೀದಿ ಅಂದರೆ ಫೈಲಿಗೆ ಬಂದು ಬಿದ್ದ ಕಾಗದ. ಯಾರು ಬರೆಯುತ್ತಾರೋ ಅವರಿದ್ದಾರೆ. ಹಿಂದಿನ ರಸ್ತೆಯಿಂದ ಶಬ್ದದ ಬಗ್ಗೆ ಒಂದೇ ಒಂದು ಅರ್ಜಿ ಬಂದಿಲ್ಲ ಅಂತ ಎದುರು ಮನೆಯವರು ದಾರಿಯಲ್ಲಿ ಖುಷಿಯಿಂದ ಹೇಳಿದರು. ಅಲ್ಲಿ ಯಾರಿಗೂ ತೊಂದರೆ ಆಗಲ್ಲ ಅನ್ನುವುದಕ್ಕೆ ಅದೇ ಸಾಕ್ಷಿಯಂತೆ. ಬೀದಿ ದೀಪವೂ ಇಲ್ಲದ ಆ ರಸ್ತೆಗೆ ರಾತ್ರಿ ಹದಿನಾಲ್ಕು ಲಾರಿ.

ನಿನ್ನೆ ರಾತ್ರಿ ಎಣಿಸಲಿಲ್ಲ. ಎಣಿಸಬಾರದು ಅಂತಲೇ ಮಲಗಿದೆ. 2.40ಕ್ಕೆ ಒಂದು ಬಂತು, ಖಾಲಿ. ಧಡ್, ಧಡಾರ್, ಝಣ್. ಪಕ್ಕದ ಮನೆಯ ಮಗು ಅಳತೊಡಗಿತು. ಅಥವಾ ಇಷ್ಟು ದಿನವೂ ಅಳುತ್ತಿತ್ತೋ ಏನೋ, ನಾನು ಲಾರಿ ಎಣಿಸುವ ಗಡಿಬಿಡಿಯಲ್ಲಿ ಕೇಳಿಸಿಕೊಂಡಿರಲಿಲ್ಲ.

ಇವತ್ತು ಬೆಳಿಗ್ಗೆ ಗುಂಪಿನಲ್ಲಿ ಮೇಷ್ಟ್ರ ಸಂದೇಶ: “ಸದರಿ ಲಾರಿಗಳನ್ನು ತಕ್ಷಣ ಹಿಂದಿನ ರಸ್ತೆಗೆ ತಿರುಗಿಸುವ ಬಗ್ಗೆ ಮೂರನೇ ಅರ್ಜಿ ಸಿದ್ಧವಾಗಿದೆ. ಸೋಮವಾರ ಯಾರು ಯಾರು ಬರುತ್ತೀರಿ?” ಕೆಳಗೆ ಪ್ರತ್ಯೇಕವಾಗಿ ನನಗೇ ಒಂದು ಸಾಲು: “ಮೇಡಂ, ನಿಮ್ಮ ಸಹಿ ಮೊದಲಿರಲಿ.”

ಏನೋ ಬರೆಯಲು ಹೊರಟೆ. ಮೂರು ಸಲ ಬರೆದು ಅಳಿಸಿದೆ. ಆಮೇಲೆ ಒಂದು ಹೆಬ್ಬೆರಳು ಒತ್ತಿ ಫೋನನ್ನು ಬೋರಲಾಗಿ ಇಟ್ಟೆ.