ಸ್ಟಾರ್ ಇಪ್ಪತ್ತೊಂದು ಸ್ಟಾರ್

ಕಣ್ಣಿನ ಕ್ಲಿನಿಕ್ಕಿನ ಬಾಗಿಲಿಗೆ ಬೀಗ ಬಿದ್ದಿತ್ತು. "ಡಾಕ್ಟರ್ ಇಂದು ಬರುವುದಿಲ್ಲ, ಬೆಳಿಗ್ಗೆಯೇ ಎಲ್ಲರಿಗೂ ಫೋನ್ ಮಾಡಿದ್ದಾರಲ್ಲ" ಎಂದ ಕಾವಲುಗಾರ. ನಾನು ಅತ್ತೆಯ ಮುಖ ನೋಡಿದೆ, ಅತ್ತೆ ತಮ್ಮ ಕೈಚೀಲ ನೋಡಿಕೊಂಡರು. ಮೊಬೈಲ್ ತೆಗೆದರೆ ಒಂದೇ ಸಂಖ್ಯೆಯಿಂದ ಮೂರು ಕರೆಗಳು ಬಂದಿದ್ದವು. ಮೂರನ್ನೂ ಅವರೇ ಕಡಿದು ಹಾಕಿದ್ದರು.

"ಗೊತ್ತಿಲ್ಲದ ನಂಬರ್ ಎತ್ತಲೇಬೇಡಿ ಎಂದು ನೀನೇ ಹೇಳಿದ್ದೆಯಲ್ಲ?"

ಹೌದು, ನಾನೇ ಹೇಳಿದ್ದೆ. ಎರಡು ವರ್ಷಗಳಿಂದ ಮನೆಮಂದಿಯ ಫೋನುಗಳಿಗೆಲ್ಲ ನಾನು ಸ್ವಯಂಘೋಷಿತ ಕಾವಲುಗಾರ. ಎಲ್ಲಿಂದ ಯಾವ ಎಚ್ಚರಿಕೆಯ ಸಂದೇಶ ಬಂದರೂ ಓದಿ ಮುಗಿಸುವ ಮೊದಲೇ ಎಲ್ಲರಿಗೂ ಕಳುಹಿಸುತ್ತಿದ್ದೆ. ಉಳಿದವರು ಅದನ್ನು ನೋಡದೆ ಅಳಿಸುತ್ತಿದ್ದರು. ಸೋದರತ್ತೆ ಒಬ್ಬರು ಮಾತ್ರ ಶ್ರದ್ಧೆಯಿಂದ ಒಂದು ನೋಟ್‌ಬುಕ್ಕಿನಲ್ಲಿ, ಅದೂ ಕೆಂಪು ಶಾಯಿಯಲ್ಲಿ, ಬರೆದಿಡುತ್ತಿದ್ದರು. ಆ ನೋಟ್‌ಬುಕ್ ಅಂದೂ ಅವರ ಚೀಲದಲ್ಲಿತ್ತು. ಆಟೋ ಬರುವವರೆಗೆ ಅಲ್ಲಿಯೇ ಕಟ್ಟೆಯ ಮೇಲೆ ಕುಳಿತು ಅದರ ಪುಟಗಳನ್ನು ತಿರುವಿದೆ. ನಾನು ಬಿತ್ತಿದ ಬೆಳೆಯನ್ನು ಒಟ್ಟಿಗೆ ನೋಡಿದ್ದು ಅದೇ ಮೊದಲು.

ಪ್ಲಸ್ 375 ಮತ್ತು ಪ್ಲಸ್ 371ರಿಂದ ಬಂದ ಮಿಸ್ಡ್ ಕಾಲ್‌ಗೆ ತಿರುಗಿ ಕರೆ ಮಾಡಿದರೆ ಮೂರೇ ಸೆಕೆಂಡುಗಳಲ್ಲಿ ಫೋನಿನಲ್ಲಿರುವ ಹೆಸರುಗಳೂ ಬ್ಯಾಂಕ್ ವಿವರಗಳೂ ನಕಲಾಗುತ್ತವೆ. ಯಾರಾದರೂ "ಕೇಳಿಸುತ್ತಿದೆಯೇ?" ಎಂದರೆ "ಹೌದು" ಎನ್ನಬಾರದು, ಆ ದನಿಯನ್ನು ಮುದ್ರಿಸಿಕೊಂಡು ಖಾತೆ ಖಾಲಿ ಮಾಡುತ್ತಾರೆ. ಒಂಬತ್ತು, ಸೊನ್ನೆ, ಹ್ಯಾಶ್ ಒತ್ತಿದರೆ ನಮ್ಮ ಲೈನ್ ಕಳ್ಳರ ವಶ. ಪ್ರತಿಯೊಂದರ ಕೆಳಗೂ ಎರಡೆರಡು ಗೆರೆ ಎಳೆದಿದ್ದರು.

ಒಂದೂ ಪೂರ್ತಿ ಸುಳ್ಳಲ್ಲ ಎನ್ನುವುದೇ ಇವುಗಳ ತೊಂದರೆ. 375 ಬೆಲಾರುಸ್‌ನ ಸಂಕೇತ, 371 ಲಾಟ್ವಿಯಾದ್ದು. ಒಮ್ಮೆ ರಿಂಗ್ ಮಾಡಿ ಕಡಿಯುವ ಮೋಸ ನಿಜಕ್ಕೂ ಇದೆ. ಜಪಾನಿನವರು ಅದಕ್ಕೆ 'ವಾನ್‌ಗಿರಿ' ಎಂಬ ಹೆಸರನ್ನೇ ಇಟ್ಟಿದ್ದಾರೆ. 'ಒಂದು ರಿಂಗ್, ಕಟ್' ಎಂದು ಅದರ ಅರ್ಥ. ಕುತೂಹಲಕ್ಕೆ ನಾವು ತಿರುಗಿ ಕರೆ ಮಾಡಿದರೆ ದುಬಾರಿ ಅಂತಾರಾಷ್ಟ್ರೀಯ ದರ ಬೀಳುತ್ತದೆ, ಅದರಲ್ಲಿ ಒಂದು ಪಾಲು ಅವರಿಗೆ ಸೇರುತ್ತದೆ. ಹೋಗುವುದು ಕರೆಯ ಹಣ. ಹೆಸರುಗಳ ಪಟ್ಟಿ ಕರೆಯೊಳಗೆ ಸೋರಿಹೋಗುವುದಿಲ್ಲ. ಒಂಬತ್ತು ಸೊನ್ನೆ ಹ್ಯಾಶ್ 1990ರ ದಶಕದ ಹಳೆಯ ಸರಕು. ಹೊರಗಿನ ಲೈನಿಗೆ ಒಂಬತ್ತು ಒತ್ತಬೇಕಾದ ಕೆಲವು ಕಚೇರಿಗಳ ಟೆಲಿಫೋನ್ ವ್ಯವಸ್ಥೆಯಲ್ಲಿ ಮಾತ್ರ ಅದಕ್ಕೆ ಅರ್ಥವಿತ್ತು. ಮನೆಯ ಫೋನಿನಲ್ಲಿ, ಮೊಬೈಲಿನಲ್ಲಿ ಒತ್ತಿದರೆ ಏನೂ ಆಗುವುದಿಲ್ಲ. ಇನ್ನು "ಹೌದು" ಎಂದ ಮಾತ್ರಕ್ಕೆ ಖಾತೆ ಬರಿದಾಗುವುದಾದರೆ, ದಿನವಿಡೀ "ಹೌದು, ಹೌದು" ಎನ್ನುತ್ತಲೇ ಬದುಕುವ ನನ್ನಂಥವರ ಗತಿಯೇನು? ಇದಕ್ಕಿಂತ ಘೋರವಾದ ವದಂತಿಗಳೂ ಹಬ್ಬಿದ್ದುಂಟು. 2004ರಲ್ಲಿ ನೈಜೀರಿಯಾದಲ್ಲಿ, 2007ರಲ್ಲಿ ಪಾಕಿಸ್ತಾನದಲ್ಲಿ, ಕೆಲವು ಸಂಖ್ಯೆಗಳ ಕರೆ ತೆಗೆದುಕೊಂಡರೆ ಸಾವೇ ಬರುತ್ತದೆ ಎಂದು ಜನ ಹೆದರಿದ್ದರು. ಪುಣ್ಯಕ್ಕೆ ಅದು ಅತ್ತೆಯ ನೋಟ್‌ಬುಕ್ಕಿನಲ್ಲಿರಲಿಲ್ಲ.

ಒಂದು ಪುಟದಲ್ಲಿ ಮಾತ್ರ ಬರಹದ ಮೇಲೆ ಅಡ್ಡಗೆರೆ ಎಳೆದಿತ್ತು. ಅದರ ಕಥೆಯೇ ಬೇರೆ.

'ಸ್ಟಾರ್ ಹ್ಯಾಶ್ 62 ಹ್ಯಾಶ್ ಒತ್ತಿ ನೋಡಿ, ನಿಮ್ಮ ಮಾತನ್ನು ಯಾರು ಕದ್ದು ಕೇಳುತ್ತಿದ್ದಾರೆಂದು ತಿಳಿಯುತ್ತದೆ' ಎಂಬ ಸಂದೇಶವನ್ನು ಕೆಲವು ತಿಂಗಳ ಹಿಂದೆ ನಾನೇ ಕಳುಹಿಸಿದ್ದೆ. ಅತ್ತೆ ಒತ್ತಿದರು. ಪರದೆಯ ಮೇಲೆ ಅಪರಿಚಿತ ಸಂಖ್ಯೆಯೊಂದು ಬಂತು. ಆ ರಾತ್ರಿ ಅವರು ಮೊಬೈಲನ್ನು ಬಟ್ಟೆಯಲ್ಲಿ ಸುತ್ತಿ ಕಪಾಟಿನೊಳಗೆ ಇಟ್ಟು ಬೀಗ ಹಾಕಿ, ಮರುದಿನ ನನ್ನ ಮುಂದೆ ಕಣ್ಣೀರು ಹಾಕಿದರು. ಆಗ ಮೊದಲ ಬಾರಿಗೆ ನಾನು ಕಳುಹಿಸಿದ್ದನ್ನು ನಾನೇ ಪರಿಶೀಲಿಸಲು ಕುಳಿತೆ. ಆ ಸಂಖ್ಯೆ ಮೊಬೈಲ್ ಕಂಪನಿಯದೇ ವಾಯ್ಸ್‌ಮೇಲ್. ಫೋನ್ ಸಂಪರ್ಕಕ್ಕೆ ಸಿಗದಿದ್ದಾಗ ಕರೆ ಎಲ್ಲಿಗೆ ಹೋಗಬೇಕು ಎನ್ನುವುದಷ್ಟೇ 62ರ ಕೆಲಸ. ಲೈನ್ ಬಿಡುವಿಲ್ಲದಿದ್ದರೆ 67, ಕರೆ ಎತ್ತದಿದ್ದರೆ 61, ಯಾವ ಷರತ್ತೂ ಇಲ್ಲದೆ ಎಲ್ಲ ಕರೆಗಳನ್ನೂ ತಿರುಗಿಸಲು 21. ಮುಂದೆ ಸ್ಟಾರ್ ಹ್ಯಾಶ್ ಇದ್ದರೆ ಬರೀ ವಿಚಾರಿಸಿದಂತೆ. ಸ್ಟಾರ್ ಮಾತ್ರ ಇದ್ದರೆ ಜಾರಿಗೆ ತಂದಂತೆ. ಎರಡು ಹ್ಯಾಶ್ ಇದ್ದರೆ ಅಳಿಸಿದಂತೆ. ಅತ್ತೆಗೆ ಇದನ್ನೆಲ್ಲ ವಿವರಿಸಿದಾಗ ಅವರು ಆ ಪುಟಕ್ಕೆ ಗೆರೆ ಎಳೆದು, "ಮೊದಲೇ ಹೇಳಬಾರದಿತ್ತೇ?" ಎಂದಿದ್ದರು.

ಕಟ್ಟೆಯ ಮೇಲೆ ಇನ್ನೂ ಆ ಪುಟವನ್ನೇ ನೋಡುತ್ತಿದ್ದಾಗ ನನ್ನ ಮೊಬೈಲ್ ಸದ್ದು ಮಾಡಿತು ಎಂದರೆ ಕಥೆ ಚೆನ್ನಾಗಿರುತ್ತಿತ್ತು. ಹಾಗಾಗಲಿಲ್ಲ. ಕರೆ ಬಂದದ್ದು ಮನೆಗೆ ಮರಳಿ, ಊಟ ಮುಗಿಸಿ, ತೂಕಡಿಸುತ್ತಿದ್ದಾಗ. ಪ್ಲಸ್ 375 ಅಲ್ಲ, ದಿನವೂ ನೋಡುವಂಥ ಸಾಮಾನ್ಯ ಸಂಖ್ಯೆ. ವಿನಯದ ದನಿ.

"ಸರ್, ನಿಮ್ಮ ಪಾರ್ಸೆಲ್ ತಂದಿರುವ ಹುಡುಗನಿಗೆ ವಿಳಾಸ ಸಿಗುತ್ತಿಲ್ಲ. ಅವನ ಜೊತೆ ನೇರವಾಗಿ ಮಾತನಾಡಿಬಿಡಿ. ಸ್ಟಾರ್ ಇಪ್ಪತ್ತೊಂದು ಸ್ಟಾರ್ ಒತ್ತಿ, ನಾನು ಹೇಳುವ ನಂಬರ್ ಹಾಕಿ, ಕೊನೆಗೆ ಹ್ಯಾಶ್."

ನಾನು ನಿಜಕ್ಕೂ ಒಂದು ಪಾರ್ಸೆಲ್‌ಗಾಗಿ ಕಾಯುತ್ತಿದ್ದೆ. ಅವನು ಓಟಿಪಿ ಕೇಳಲಿಲ್ಲ, ಕಾರ್ಡಿನ ಮಾತೆತ್ತಲಿಲ್ಲ, "ಕೇಳಿಸುತ್ತಿದೆಯೇ" ಎನ್ನಲಿಲ್ಲ, ಗದರಿಸಲೂ ಇಲ್ಲ. ಕೆಂಪು ಶಾಯಿಯ ಯಾವ ಸಾಲಿಗೂ ಅವನು ಹೊಂದುತ್ತಿರಲಿಲ್ಲ. ಕಾವಲುಗಾರನ ಬೆರಳು ಸ್ಟಾರ್ ಒತ್ತಿತು, 21 ಒತ್ತಿತು, ಮತ್ತೆ ಸ್ಟಾರ್ ಒತ್ತಿತು. ಅವನು ಹೇಳಿದ ಅಂಕಿಗಳಲ್ಲಿ ಆರನ್ನು ಹಾಕಿಯೂ ಆಗಿತ್ತು. ಏಳನೆಯದನ್ನು ಕೇಳುವಾಗ ಪರದೆಯ ಎಡತುದಿಯ 21 ಕಣ್ಣಿಗೆ ಬಿತ್ತು.

"ಇದು ನನ್ನ ಕರೆಗಳನ್ನು ಬೇರೆಯವರಿಗೆ ತಿರುಗಿಸುವ ಕೋಡ್ ಅಲ್ಲವೇ?" ಎಂದೆ.

ಒಂದು ಉಸಿರಿನಷ್ಟು ಮೌನ. ಕರೆ ಕಡಿಯಿತು.

ಕೈ ನಡುಗಿದ್ದು ಆಮೇಲೆ. ಕೊನೆಯ ಹ್ಯಾಶ್ ಒತ್ತಿ ಕರೆಯ ಗುಂಡಿಯನ್ನೂ ಒತ್ತಿದ್ದರೆ ನನಗೆ ಬರುವ ಪ್ರತಿ ಕರೆಯೂ ಅವನ ಫೋನಿನಲ್ಲಿ ರಿಂಗಣಿಸುತ್ತಿತ್ತು. ಓಟಿಪಿಯನ್ನು ಕರೆಯ ಮೂಲಕವೂ ಪಡೆಯಬಹುದಲ್ಲ, ಅದನ್ನು ಅವನೇ ಕೇಳಿಸಿಕೊಂಡು, ನನ್ನ ಮೆಸೇಜಿಂಗ್ ಖಾತೆಯನ್ನು ತನ್ನ ಫೋನಿನಲ್ಲಿ ತೆರೆದು, ನನ್ನ ಹೆಸರಿನಲ್ಲಿ ಬಂಧುಗಳ ಬಳಿ ತುರ್ತು ಸಾಲ ಕೇಳುತ್ತಿದ್ದ. ಮೊದಲು ಕೊಡುತ್ತಿದ್ದವರು ಅತ್ತೆಯೇ ಎಂಬುದರಲ್ಲಿ ನನಗೆ ಅನುಮಾನವಿಲ್ಲ. ಸ್ಟಾರ್ ಹ್ಯಾಶ್ 21 ಹ್ಯಾಶ್ ಒತ್ತಿ ಯಾವ ಕರೆಯೂ ತಿರುಗಿಲ್ಲವೆಂದು ಖಚಿತಪಡಿಸಿಕೊಂಡೆ. ಸಮಾಧಾನವಾಗದೆ ಎರಡು ಹ್ಯಾಶ್, 002, ಹ್ಯಾಶ್ ಒತ್ತಿ ಇದ್ದಬದ್ದ ತಿರುವುಗಳನ್ನೆಲ್ಲ ಅಳಿಸಿದೆ.

ನೂರಾರು ಎಚ್ಚರಿಕೆಗಳನ್ನು ಹಂಚಿದ್ದ ನನ್ನ ಕೈಹಿಡಿದದ್ದು ಅವುಗಳಲ್ಲೊಂದೂ ಅಲ್ಲ, ಅತ್ತೆಯ ಕಣ್ಣೀರಿಗೆ ಹೆದರಿ ಅಂದು ಒಂದು ಗಂಟೆ ಕುಳಿತು ಓದಿದ್ದು. ಯೋಚಿಸಿದರೆ ಆ ಸಂದೇಶಗಳ ದನಿಯೂ ಮೋಸಗಾರರ ದನಿಯೂ ಒಂದೇ: ಈಗಲೇ ಮಾಡಿ, ತಡಮಾಡಬೇಡಿ, ಇಲ್ಲದಿದ್ದರೆ ಕೆಟ್ಟಿರಿ. ಆ ದನಿಗೆ ಕುಣಿಯುವ ಅಭ್ಯಾಸವನ್ನು ಅತ್ತೆಗೆ ಮಾಡಿಸಿದವನು ನಾನು.

ಅತ್ತೆ ಅಷ್ಟರಲ್ಲಿ ಕ್ಲಿನಿಕ್ಕಿನ ಹಳೆಯ ಚೀಟಿ ಹುಡುಕಿ, ಅದರಲ್ಲಿ ಅಚ್ಚಾಗಿದ್ದ ಸಂಖ್ಯೆಗೆ ತಾವೇ ಕರೆ ಮಾಡಿ ಹೊಸ ದಿನ ಗೊತ್ತುಮಾಡಿಕೊಂಡಿದ್ದರು. ಬೆಳಿಗ್ಗೆ ಮೂರು ಬಾರಿ ಕರೆದ ಸಂಖ್ಯೆಗೆ ಏಕೆ ಮಾಡಲಿಲ್ಲ ಎಂದರೆ, "ಅದು ಯಾರದೋ ಏನೋ. ಚೀಟಿಯಲ್ಲಿರುವುದು ಅವರದೇ ತಾನೇ?" ಎಂದರು. ಇದನ್ನು ಅವರಿಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ಸಂಜೆ ನಡೆದದ್ದನ್ನು ಮನೆಮಂದಿಗೆಲ್ಲ ಬರೆದು ತಿಳಿಸಿದೆ. 'ಎಚ್ಚರ!' ಎಂದು ಶುರುಮಾಡಿದ್ದನ್ನು ಅಳಿಸಿ, ನಾಲ್ಕೇ ಸಾಲು: ಏನು ಒತ್ತಲು ಹೇಳಿದರು, ಒತ್ತಿದರೆ ಏನಾಗುತ್ತದೆ, ಒತ್ತಿಬಿಟ್ಟಿದ್ದರೆ ರದ್ದು ಮಾಡುವುದು ಹೇಗೆ. ಯಾರೂ ಉತ್ತರಿಸಲಿಲ್ಲ.

ಹತ್ತು ದಿನಗಳ ನಂತರ ಅತ್ತೆಯಿಂದ ಒಂದು ಸಂದೇಶ ಬಂತು. ಎಲ್ಲೆಲ್ಲೋ ಸುತ್ತಿ ಅವರಿಗೆ ತಲುಪಿದ್ದು. ನನ್ನದೇ ನಾಲ್ಕು ಸಾಲು, ಆದರೆ 21 ಇದ್ದಲ್ಲಿ 12 ಆಗಿತ್ತು. ಒತ್ತಿದ ಮೂರು ಸೆಕೆಂಡುಗಳಲ್ಲಿ ಬ್ಯಾಟರಿ ಸಿಡಿಯುತ್ತದೆ ಎಂದು ಯಾರೋ ಸೇರಿಸಿದ್ದರು. ಕೆಳಗೆ ಅತ್ತೆಯದೇ ಒಂದು ಸಾಲು: "ಇದು ನಿಜವೇ? ಬರೆದುಕೊಳ್ಳುವ ಮೊದಲು ನಿನ್ನನ್ನು ಕೇಳೋಣ ಎಂದುಕೊಂಡೆ."